ನೀಲಾತ್ಯಾಳ ಮೂರನೆಯ ಹಲ್ಲು

ಈ ಸಾಲು ಓದುತ್ತಿರುವಾಗ ನಿಮ್ಮ ನಾಲಗೆ ಬಾಯಿಯೊಳಗೆ ಎಲ್ಲಿದೆ ಎಂದು ಸ್ವಲ್ಪ ಗಮನಿಸಿ. ಇಷ್ಟು ಹೊತ್ತು ಅದು ತನ್ನ ಪಾಡಿಗೆ ಮಲಗಿತ್ತು. ಈಗ ನಾನು ಎಬ್ಬಿಸಿಬಿಟ್ಟೆ. ಇನ್ನು ಅದು ಸುಮ್ಮನಿರುವುದಿಲ್ಲ. ಮೇಲಿನ ಸಾಲಿಗೆ ಹೋಗುತ್ತದೆ, ಹಿಂದಿನ ದವಡೆಯನ್ನು ತಡಕುತ್ತದೆ, ಎಂದೋ ತುಂಬಿಸಿದ ಹುಳುಕನ್ನು ಮುಟ್ಟಿ ಬರುತ್ತದೆ. ಕ್ಷಮಿಸಿ. ನನ್ನ ನಾಲಗೆ ಹೀಗೆ ಎದ್ದು ಕೂತು ವರ್ಷವಾಗುತ್ತ ಬಂತು. ಒಬ್ಬನೇ ಅನುಭವಿಸಿ ಬೇಸರ ಬಂದು ನಿಮ್ಮನ್ನೂ ಜೊತೆಗೆ ಸೇರಿಸಿಕೊಂಡೆ.

ಚಿಂತೆ ನನ್ನ ಕಸುಬು. ಸಾಂಗಲಿಯ ಅರಿಸಿನ ಪೇಠೆಯಲ್ಲಿ ಅಜ್ಜ ಇಟ್ಟ ಅಂಗಡಿ ನಡೆಸುವುದು ಉಪಕಸುಬು. ವಯಸ್ಸು ಐವತ್ತೆರಡು. ಮಳೆಗಾಲದಲ್ಲಿ ಕೃಷ್ಣೆ ಏರಿದಾಗ ಊರ ಜನ ಭಜಿ ತಿನ್ನುತ್ತ ಸೇತುವೆಯ ಮೇಲೆ ನಿಂತು ನೀರು ನೋಡುತ್ತಾರೆ. ನಾನು ಮನೆಯಲ್ಲಿ ಕಪಾಟಿನ ಕೆಳಖಾನೆಯ ಕಾಗದಗಳನ್ನು ಮೇಲಿನ ಖಾನೆಗೆ ಏರಿಸುತ್ತ ಕೂತಿರುತ್ತೇನೆ. ಎಡಗೈ ಜುಮ್ಮೆಂದರೆ ಹೃದಯ, ಬಲಗೈ ಜುಮ್ಮೆಂದರೆ ಮಿದುಳು, ಎರಡೂ ಜುಮ್ಮೆನ್ನದಿದ್ದರೆ ನರಗಳೇ ಸತ್ತವೇನೋ ಎಂದುಕೊಳ್ಳುವವನು. ನನ್ನ ಹೆಂಡತಿ ಸುನಂದಾ ಇದಕ್ಕೆಲ್ಲ ಒಗ್ಗಿಹೋಗಿದ್ದಾಳೆ. ಪಕ್ಕದ ಮನೆಯ ನಾಯಿ ಬೊಗಳಿದಷ್ಟೇ ಕಿವಿ ಕೊಡುತ್ತಾಳೆ. ಆದರೆ ಈಗ ಹೇಳಹೊರಟ ಚಿಂತೆ ಮಾತ್ರ ನನ್ನ ಸ್ವಂತ ಉತ್ಪಾದನೆಯಲ್ಲ. ಅದು ನಮ್ಮ ಮನೆಯಲ್ಲೇ, ಇನ್ನೊಬ್ಬರ ಬಾಯಿಯಲ್ಲಿ ಮೊಳೆತದ್ದು.

ಆ ಬಾಯಿ ನೀಲಾತ್ಯಾಳದು. ಅಪ್ಪನ ಅಕ್ಕ. ಸೋದರತ್ತೆಯನ್ನು ನಾವು ಈ ಕಡೆಯವರು ಮರಾಠಿಯವರ ಹಾಗೆ ಆತ್ಯಾ ಅನ್ನುತ್ತೇವೆ. ಅವಳಿಗೀಗ ತೊಂಬತ್ತೆರಡು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡ. ತಮ್ಮನ ಮನೆಗೆ ಬಂದಳು, ಬಂದವಳು ಇಲ್ಲೇ ಉಳಿದಳು. ಹಾಗಂತ ಮೂಲೆ ಹಿಡಿದು ಕೂತವಳಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅರಿಸಿನದ ಪರೀಕ್ಷೆ ಅವಳದೇ ಆಗಿತ್ತು. ಒಣಗಿದ ಅರಿಸಿನದ ಕೊಂಬನ್ನು ಮುರಿದರೆ ಟಣ್ ಅನ್ನಬೇಕು. ಹಸಿ ಉಳಿದಿದ್ದರೆ ಮೆತ್ತಗೆ ಬಾಗಿ ಮುರಿಯುತ್ತದೆ. ಎಲ್ಲರೂ ಕೈಯಲ್ಲಿ ಮುರಿದು ಕಿವಿಯಿಂದ ಕೇಳುತ್ತಿದ್ದರು. ಆತ್ಯಾ ಮಾತ್ರ ಕೊಂಬನ್ನು ದವಡೆಯ ಹಲ್ಲುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ, ಒಮ್ಮೆ ಕಡಿಯುತ್ತಿದ್ದಳು.

"ಹೊರಗಿನ ಕಿವಿಗಿ ಪ್ಯಾಟಿ ಗದ್ದಲಾ ಕೇಳಸ್ತೈತಿ. ಇದು ತಲಿಯೊಳಗ ಕೇಳಸ್ತೈತಿ," ಅನ್ನುತ್ತಿದ್ದಳು. ಆಮೇಲೆ ಕಣ್ಣು ತೆರೆದು, "ಇನ್ನ ಎರಡ ದಿನಾ ಬಿಸಲಿಗಿ ಹಾಕ್ರಿ," ಎಂದರೆ ಮುಗಿಯಿತು. ಅಪ್ಪ ಎದುರಾಡುತ್ತಿರಲಿಲ್ಲ. ಹಳದಿ ಬಣ್ಣ ಹತ್ತಿದ ಆ ಹಲ್ಲುಗಳು ನನ್ನ ಬಾಲ್ಯದ ಅತ್ಯಂತ ಗಟ್ಟಿಯಾದ ವಸ್ತುಗಳು.

ನನ್ನ ಹಾಲುಹಲ್ಲು ಬಿದ್ದಾಗಲೆಲ್ಲ ಅದರ ವಿಲೇವಾರಿಯೂ ಅವಳದೇ. ಸಗಣಿಯುಂಡೆಯಲ್ಲಿ ಹುದುಗಿಸಿ ಮನೆಯ ಮಾಡಿನ ಮೇಲೆ ಎಸೆಯಬೇಕು, ಎಸೆದ ಮೇಲೆ ತಿರುಗಿ ನೋಡಬಾರದು. ಒಮ್ಮೆ ಮಾತ್ರ ಏನನಿಸಿತೋ, ಎಸೆಯುವ ಬದಲು ಹಲ್ಲನ್ನು ಅಂಗಡಿಯಲ್ಲಿ ಒಂದು ಅರಿಸಿನದ ಚೀಲದ ಬಾಯಿಗೆ ತುರುಕಿದೆ. ಮರುದಿನ ಆ ಚೀಲ ಲಾರಿ ಹತ್ತಿತ್ತು. ಆಮೇಲೆ ಎಷ್ಟು ತಿಂಗಳು ನಿದ್ದೆಗೆಟ್ಟೆನೋ! ಯಾವುದೋ ಗೊತ್ತಿಲ್ಲದ ಊರಿನಲ್ಲಿ, ಯಾವುದೋ ಗಿರಣಿಯಲ್ಲಿ ನನ್ನ ಹಲ್ಲು ಪುಡಿಯಾಗಿ, ಯಾರದೋ ಸಾರಿನಲ್ಲಿ ಕುದಿದು, ನನ್ನ ಒಂದು ಚೂರು ಅಪರಿಚಿತರ ಹೊಟ್ಟೆಯಲ್ಲಿದೆ ಎನ್ನುವ ಯೋಚನೆ. ನನ್ನ ಚಿಂತೆಯ ಕಸುಬು ಅಲ್ಲಿಂದಲೇ ಶುರುವಾಯಿತು ಅನಿಸುತ್ತದೆ.

ಆತ್ಯಾಳ ಹಲ್ಲುಗಳೂ ಕೊನೆಗೆ ಹೋದವು. ಅರವತ್ತೈದು ದಾಟುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಹಲ್ಲಿನ ಸೆಟ್ಟು ಹಾಕಿಸಿದೆವು. ಅದರಲ್ಲೇ ರೊಟ್ಟಿ ತಿಂದಳು, ಅದರಲ್ಲೇ ನಕ್ಕಳು. ಹದಿನೈದು ವರ್ಷ ಹೀಗೆ ಕಳೆಯಿತು. ಅವಳ ಎಂಬತ್ತನೆಯ ವರ್ಷದ ಶ್ರಾವಣದಲ್ಲಿ ಒಂದು ದಿನ, "ಸೆಟ್ಟ ಕುಂದರವಲ್ದು, ಮ್ಯಾಲ ಏನೋ ಚುಚ್ಚತೈತಿ," ಅಂದಳು. ಸುನಂದಾ ಬೆಳಕಿಗೆ ಕರೆದೊಯ್ದು ಬಾಯಿ ತೆರೆಸಿ ನೋಡಿದಳು. ಮೇಲಿನ ಬೋಳು ವಸಡಿನಲ್ಲಿ, ಎಡಗಡೆ, ಅಕ್ಕಿಕಾಳಿನಷ್ಟು ಬೆಳ್ಳಗೆ ಒಂದು ಮೊನೆ. ಕೋರೆಹಲ್ಲು.

ಮನೆಮಂದಿಯೆಲ್ಲ ಸಾಲಾಗಿ ಬಂದು ನೋಡಿದೆವು. ಅಪ್ಪ ಎಲ್ಲರಿಗಿಂತ ಹೆಚ್ಚು ನಕ್ಕ. "ಅಕ್ಕಾ, ನೀವ ಮತ್ತ ಕೂಸ ಆಗಾಕತ್ತೀರಿ. ತೊಟ್ಟಲಾ ತರಸ್ಲೇನು?" ಎಂದ. ಹದಿನೇಳನೆಯ ದಿನ ಅಪ್ಪ ಅಂಗಡಿಯಲ್ಲಿ ಕೂತಲ್ಲೇ ಹಿಂದಕ್ಕೆ ಒರಗಿದ. ಮಾತಿಲ್ಲ, ಸದ್ದಿಲ್ಲ, ಆಸ್ಪತ್ರೆಗೆ ಸೇರಿಸಿದ ರಾತ್ರಿಯೇ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಸಂಜೆ, ಮಾಲಗಾಂವದಿಂದ ಬಂದಿದ್ದ ಶಾರದಾ ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು: "ಮುಪ್ಪಿನ್ಯಾಗ ಹಲ್ಲ ಬರಬಾರದ ನೋಡು. ಅದು ರೊಟ್ಟಿ ತಿನ್ನಾಕ ಬರೂದಿಲ್ಲ. ಮನ್ಯಾಗಿನವರ ಆಯುಷ್ಯ ತಿನ್ನಾಕ ಬರತೈತಿ."

ಬಿ.ಕಾಂ. ಓದಿದ ನಾನು ನಕ್ಕೆ. ಗಟ್ಟಿಯಾಗಿಯೇ ನಕ್ಕೆ ಎಂದು ನೆನಪು. ಆದರೆ ಮಾತು ಅಲ್ಲೇ ಬಿದ್ದಿತ್ತು. ಯಾರೂ ಎತ್ತಿ ಹೊರಗೆ ಹಾಕಲಿಲ್ಲ.

ಏಳು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಮೇಲಿನ ಬಲಗಡೆ, ಸರಿಯಾಗಿ ಮೊದಲನೆಯದರ ಜೋಡಿಯ ಜಾಗದಲ್ಲಿ, ಇನ್ನೊಂದು ಮೊನೆ ಕಂಡಿತು. ಆಗ ಯಾರೂ ಸಾಲಾಗಿ ಬಂದು ನೋಡಲಿಲ್ಲ, ಯಾರೂ ನಗಲಿಲ್ಲ. ಅಣ್ಣ ಮಹಾದೇವ ಮಾತ್ರ ನಾಲ್ಕು ದಿನ ಆತ್ಯಾಳ ಮುಂದೆ ಕೂತು ಊಟ ಮಾಡಲಿಲ್ಲ. ಕೆಲಸವಿದೆ ಎಂದು ಅಂಗಡಿಗೇ ಡಬ್ಬಿ ತರಿಸಿಕೊಂಡ. ಅವನಿಗೆ ಐವತ್ತೇಳು. ಆ ತಿಂಗಳು ಮುಗಿಯುವುದರೊಳಗೆ ಅವನ ಫೋಟೋ ಅಪ್ಪನ ಫೋಟೋದ ಪಕ್ಕ ಗೋಡೆ ಹತ್ತಿತು.

ಈಗ ಆತ್ಯಾಳ ಬಾಯಿಯನ್ನು ಕಲ್ಪಿಸಿಕೊಳ್ಳಿ. ಉಳಿದೆಲ್ಲ ಬೋಳು. ಮೇಲೆ ಎರಡೇ ಎರಡು ಕೋರೆಹಲ್ಲು, ಎಡಕ್ಕೊಂದು, ಬಲಕ್ಕೊಂದು. ಆ ಹಲ್ಲುಗಳಿಗೆ ಅರಿಸಿನದ ಬಣ್ಣವೂ ಹತ್ತಿರಲಿಲ್ಲ, ವಯಸ್ಸೂ ಹತ್ತಿರಲಿಲ್ಲ. ಇಪ್ಪತ್ತರ ಹುಡುಗಿಯ ಬಾಯಿಯಿಂದ ತಂದು ಕೂರಿಸಿದಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಅವಳು ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯತೊಡಗಿದಳು. ನಾವು ಅದನ್ನು ನಾಚಿಕೆ ಅಂದುಕೊಂಡೆವು. ಸೆರಗು ತೆಳ್ಳಗಿದ್ದ ದಿನ ಅದರ ಹಿಂದೆ ಎರಡು ಚುಕ್ಕೆ ಕಾಣುತ್ತಿದ್ದವು. ಸೆಟ್ಟಂತೂ ಮತ್ತೆ ಕೂರಲೇ ಇಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕುಡಿಯುವಂತೆ ತಿನ್ನುತ್ತಿದ್ದಳು. ಎಂಬತ್ತು ದಾಟಿದವರನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ಯಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಆ ಹಲ್ಲುಗಳ ಮಾತೇ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹೆಸರು ಹಿಡಿದರೆ ಅವಕ್ಕೆ ಕೇಳಿಸೀತು ಎನ್ನುವ ಹಾಗೆ.

ಒಂದು ಚಟ ಮಾತ್ರ ಆ ನಂತರ ಹೆಚ್ಚಾಯಿತು: ಮಿಶ್ರಿ. ಹುರಿದ ತಂಬಾಕಿನ ಕಪ್ಪು ಪುಡಿ. ಈ ಭಾಗದ ಹಳೆಯ ಹೆಂಗಸರು ಬೆಳಿಗ್ಗೆ ಎದ್ದು ಅದನ್ನು ಹಲ್ಲಿಗೆ, ವಸಡಿಗೆ ತಿಕ್ಕುತ್ತ ಕೂಡುತ್ತಾರೆ. ಆತ್ಯಾ ಮೊದಲೆಲ್ಲ ಐದು ನಿಮಿಷ ತಿಕ್ಕುತ್ತಿದ್ದವಳು, ಅಣ್ಣ ಹೋದ ಮೇಲೆ ಗಂಟೆಗಟ್ಟಲೆ ಹಿತ್ತಲ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ, ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ಕೂಡತೊಡಗಿದಳು. ವಯಸ್ಸಾದವರಿಗೆ ಏನೋ ಒಂದು ಬೇಕಲ್ಲ ಎಂದು ಬಿಟ್ಟುಬಿಟ್ಟೆವು.

ಮೂರನೆಯದನ್ನು ಕಂಡುಹಿಡಿದವನು ನಾನು. ಹಲ್ಲನ್ನಲ್ಲ, ಅದರ ಗುರುತನ್ನು. ಕಳೆದ ವರ್ಷ ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ, ಒಂದು ಮಧ್ಯಾಹ್ನ ಊಟಕ್ಕೆ ಬಂದೆ. ಆತ್ಯಾಳ ಮಂಚದ ಪಕ್ಕದ ತಟ್ಟೆಯಲ್ಲಿ ಅರ್ಧ ತಿಂದ ಚಿಕ್ಕು ಹಣ್ಣು ಇತ್ತು. ಅದರ ಮೇಲ್ಭಾಗದಲ್ಲಿ ನಮಗೆಲ್ಲ ಗೊತ್ತಿದ್ದ ಎರಡು ತೂತು. ತಿರುಗಿಸಿ ನೋಡಿದೆ. ಕೆಳಭಾಗದಲ್ಲಿ, ಎಡಗಡೆ, ಉಗುರಿನಿಂದ ಗೀರಿದಂತೆ ಹೊಸದೊಂದು ಗುರುತು.

ಹಣ್ಣನ್ನು ಇದ್ದ ಹಾಗೇ ಇಟ್ಟು ಕೈ ತೊಳೆದುಕೊಂಡೆ. ಮನೆಯಲ್ಲಿ ಅಪ್ಪ ಹೋದ, ಅಣ್ಣ ಹೋದ. ವಯಸ್ಸಿನ ಪ್ರಕಾರ ಸರತಿ ಯಾರದೆಂದು ತಿಳಿಯಲು ಬಿ.ಕಾಂ. ಬೇಕಾಗಿರಲಿಲ್ಲ.

ಸುನಂದಾಗೆ ಹೇಳಿದೆ. ಅವಳು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಆತ್ಯಾರ ಹಲ್ಲಿಗಿ ನಿಮ್ಮಂಥಾ ಗಂಡಸನ್ನ ತಿನ್ನು ಕಸುವ ಇದ್ದಿದ್ರ, ಅವರು ರೊಟ್ಟಿ ಯಾಕ ನೆನಸಿ ತಿಂತಿದ್ರು?" ಎಂದಳು.

"ಚೇಷ್ಟೆ ಮಾಡಬ್ಯಾಡ. ಎರಡ ಸಲಾ ಆಗೇತಿ."

"ಎರಡ ಸಲಾ ನಾವೂ ಮನಿಗಿ ಬಣ್ಣಾ ಹಚ್ಚಿಸೇವಿ. ಬಣ್ಣದಿಂದ ಹ್ವಾದ್ರೇನು?"

ಆದರೆ ಅವಳೂ ಸೊಪ್ಪು ಬಿಡಿಸುವುದು ಮುಗಿದ ಮೇಲೆ ಬಂದು, ನನ್ನ ಹಣೆ ಮುಟ್ಟಿ ನೋಡಿ ಹೋದಳು. ಸುನಂದಾಳ ಆ ಕೈ ನನ್ನನ್ನು ಶಾರದಾ ಕಾಕುವಿನ ಮಾತಿಗಿಂತ ಹೆಚ್ಚು ಹೆದರಿಸಿತು.

ಅದೇ ವಾರ ಹಲ್ಲುಜ್ಜುವಾಗ ನನ್ನ ಕೆಳಗಿನ ಎಡಗಡೆಯ ಒಂದು ಹಲ್ಲು ಅಲ್ಲಾಡಿತು. ಹೌದು, ಎಡಗಡೆ, ಹೌದು, ಕೆಳಗೆ. ಬೇಸಿನ್ನಿನಲ್ಲಿ ರಕ್ತದ ಎಳೆ. ರಕ್ತ ಹೊಸದೇನಲ್ಲ, ವರ್ಷಗಳಿಂದ ಬರುತ್ತಿತ್ತು. ಅದನ್ನು ನಾನು ಬ್ರಷ್ಷಿನ ದೋಷ ಎಂದು ತೀರ್ಮಾನಿಸಿ ಬ್ರಷ್ಷು ಬದಲಿಸುತ್ತಿದ್ದೆ. ಈಗ ಮಾತ್ರ ಸಂಗತಿ ಬೇರೆಯಾಗಿ ಕಂಡಿತು. ಅಲ್ಲಿ ಒಂದು ಏಳುತ್ತಿತ್ತು, ಇಲ್ಲಿ ಒಂದು ಸಡಿಲಾಗುತ್ತಿತ್ತು. ಅಂಗಡಿಯಲ್ಲಿ ಗಿರಾಕಿಯೊಡನೆ ಮಾತಾಡುತ್ತಿರುವಾಗಲೂ ನಾಲಗೆ ಹೋಗಿ ಅದನ್ನು ದೂಡಿ ನೋಡುತ್ತಿತ್ತು. ಮನೆಗೆ ಬಂದರೆ ಆತ್ಯಾ ಸೆರಗಿನ ಹಿಂದಿನಿಂದ ನನ್ನನ್ನೇ ನೋಡುತ್ತಿರುತ್ತಿದ್ದಳು. "ಯಾಕಪಾ ಈರಣ್ಣಾ, ಮಾರಿ ಇಳದೈತಿ?" ಎಂದು ಕೇಳುತ್ತಿದ್ದಳು. ಆ ಪ್ರಶ್ನೆ ಕೇಳುವಾಗ ಅವಳ ದನಿಯಲ್ಲಿ ಒಂದು ಹೊಸ ಸಿಳ್ಳು. ಮಾತಿನ ಗಾಳಿ ಆ ಹೊಸ ಮೊನೆಗೆ ತಾಗಿ ಬರುತ್ತಿತ್ತು.

ನಿರ್ಧಾರ ಮಾಡಿದೆ. ಅದನ್ನು ಕೀಳಿಸಿಬಿಡುವುದು. ಪೂರ್ತಿ ಏಳುವ ಮೊದಲೇ.

ಒಂದು ಬುಧವಾರ ಬೆಳಿಗ್ಗೆ ಆತ್ಯಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಮಿರಜಕ್ಕೆ ಹೊರಟೆ. ಮಿರಜ ಅಂದರೆ ದವಾಖಾನೆಗಳ ಊರು. ಅಲ್ಲಿ ಮನುಷ್ಯನ ಯಾವ ಭಾಗಕ್ಕೂ ಒಂದು ಬೋರ್ಡು ಸಿಗುತ್ತದೆ. "ಸುಮ್ನ ತಪಾಸಣಿ ಮಾಡಸೂಣು," ಎಂದಷ್ಟೇ ಅವಳಿಗೆ ಹೇಳಿದ್ದೆ. ದಾರಿಯುದ್ದಕ್ಕೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ಮುಚ್ಚಿ ಕೂತಿದ್ದಳು. ಹಿಂದೆ ನೋಡುವ ಕನ್ನಡಿಯಲ್ಲಿ ಎರಡು ಸಲ ನಮ್ಮ ಕಣ್ಣು ಕೂಡಿದವು. ಎರಡೂ ಸಲ ನಾನೇ ಮೊದಲು ತಪ್ಪಿಸಿದೆ.

ಡಾಕ್ಟರಬಾಯಿ ಮೂವತ್ತರ ಆಸುಪಾಸಿನವರು. ಮುಖಕ್ಕೆ ಮಾಸ್ಕು, ಹಣೆಯ ಮೇಲೆ ದೀಪ, ಸ್ವಚ್ಛ ಪುಣೇರಿ ಮರಾಠಿ. ಮೊದಲು ಎಕ್ಸ್-ರೇ ಬೇಕೆಂದರು. ಆತ್ಯಾಳನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದವನ್ನು ಒಂದು ಕಂಬಕ್ಕೆ ಒರಗಿಸಿದರು. ದೊಡ್ಡದೊಂದು ಯಂತ್ರ ಗುಂಯ್ ಎನ್ನುತ್ತ ಅವಳ ತಲೆಯ ಸುತ್ತ ನಿಧಾನವಾಗಿ ಅರ್ಧ ಸುತ್ತು ಬಂತು. ಹಲ್ಲಿಗೆ ಕಚ್ಚಲು ಕೊಟ್ಟ ಕಡ್ಡಿಯನ್ನು ಅವಳು ಕಣ್ಣು ಮುಚ್ಚಿ ಕಚ್ಚಿಕೊಂಡಿದ್ದಳು, ಒಳಗಿನಿಂದ ಏನೋ ಕೇಳಿಸಿಕೊಳ್ಳುವವಳಂತೆ.

ಪರದೆಯ ಮೇಲೆ ಚಿತ್ರ ಮೂಡಿತು. ನೀವು ಅಂಥ ಚಿತ್ರ ನೋಡಿದ್ದೀರೋ ಇಲ್ಲವೋ. ದವಡೆಯನ್ನು ಬಿಡಿಸಿ ಚಪ್ಪಟೆಯಾಗಿ ಹರಡಿದ ಹಾಗೆ, ಈ ಕಿವಿಯಿಂದ ಆ ಕಿವಿಯವರೆಗೆ ಒಂದು ಉದ್ದನೆಯ ನಗು. ಕಣ್ಣಿಲ್ಲ, ಮುಖವಿಲ್ಲ, ಕತ್ತಲೆಯಲ್ಲಿ ನಗು ಮಾತ್ರ. ಮೇಲೆ ಎರಡು ಬಿಳಿ ಗೂಟ. ಕೆಳಗೆ ಎಡಗಡೆ ಅರ್ಧ ಎದ್ದ ಒಂದು. ಡಾಕ್ಟರಬಾಯಿ ಪೆನ್ಸಿಲಿನ ತುದಿಯಿಂದ ಬಲಗಡೆ ತೋರಿಸಿದರು. ಅಲ್ಲಿ, ಎಲುಬಿನ ಆಳದಲ್ಲಿ, ಅಡ್ಡಡ್ಡ ಮಲಗಿದ ಇನ್ನೊಂದು.

"ಇದು ನಾಲ್ಕನೆಯದು. ಇದಕ್ಕಿನ್ನೂ ಸಮಯ ಬೇಕು," ಎಂದರು ಮರಾಠಿಯಲ್ಲಿ, ಬಸ್ಸಿನ ವೇಳೆ ಹೇಳಿದಂತೆ.

ಇವು ಹೊಸ ಹಲ್ಲುಗಳೇ ಅಲ್ಲ ಎಂದು ವಿವರಿಸಿದರು. ಹುಡುಗಿಯಾಗಿದ್ದಾಗಲೇ ಬರಬೇಕಾಗಿದ್ದು ಬರದೆ ಎಲುಬಿನಲ್ಲಿ ಉಳಿದುಹೋದವು. ವಯಸ್ಸಾಗಿ ಮೇಲಿನ ಎಲುಬು ಸವೆದಂತೆ ಒಂದೊಂದಾಗಿ ಬಯಲಾಗುತ್ತಿವೆ. ಹಲ್ಲು ಏಳುತ್ತಿಲ್ಲ, ನೆಲವೇ ಇಳಿಯುತ್ತಿದೆ.

ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಹರಿಪುರದ ಪೇವುಗಳು ನೆನಪಾದವು. ನಮ್ಮ ಊರ ಪಕ್ಕದ ಹರಿಪುರದಲ್ಲಿ ಅರಿಸಿನವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮುಚ್ಚಿ ಮಣ್ಣು ಬಳಿದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗಿನ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಮೊದಲು ಹಗ್ಗಕ್ಕೆ ಕಟ್ಟಿ ಒಂದು ದೀಪ ಇಳಿಬಿಡಬೇಕು. ಏಳು ವರ್ಷದವನಿದ್ದಾಗ ಅಪ್ಪನ ಕೈ ಹಿಡಿದು ಒಂದು ಪೇವಿನ ಬಾಯಿಯ ಪಕ್ಕ ನಿಂತಿದ್ದೆ. ಇಳಿಬಿಟ್ಟ ದೀಪ ಎರಡಾಳು ಕೆಳಗೆ ಹೋಗಿ ಪಕ್ಕನೆ ಆರಿತು. ಗಾಳಿ ಬೀಸಿಯೇ ಇರಲಿಲ್ಲ. ಒಳಗಿನಿಂದ ಬೆಚ್ಚಗೆ ಏನೋ ನನ್ನ ಮುಖಕ್ಕೆ ಸೋಕಿತು. ಎಪ್ಪತ್ತೈದು ವರ್ಷ ಆತ್ಯಾಳ ದವಡೆಯ ಕತ್ತಲೆಯಲ್ಲಿ ಕಾಯುತ್ತ ಮಲಗಿದ್ದ ಆ ನಾಲ್ಕು ಹಲ್ಲುಗಳನ್ನು ನೋಡುತ್ತ ಅದೇ ಬೆಚ್ಚನೆಯ ಸೋಕು ಕೆನ್ನೆಗೆ ಮತ್ತೆ ಬಂದಂತಾಯಿತು. ಅರ್ಥವಾಗದ್ದಕ್ಕೆ ಹೆದರುವವನಿಗೆ ಅರ್ಥ ಹೇಳಿದರೆ ಸಾಕು. ನನ್ನಂಥವನು ಅರ್ಥವಾದ ಮೇಲೆ ಇನ್ನಷ್ಟು ಹೆದರುತ್ತಾನೆ.

ಆತ್ಯಾಳನ್ನು ಕುರ್ಚಿಯಲ್ಲಿ ಮಲಗಿಸಿದರು. "ನೋವಿಲ್ಲದಿದ್ದರೆ ಮುಟ್ಟುವ ಅಗತ್ಯವಿಲ್ಲ. ಆಜಿಗೆ ನೋವಿದೆಯಾ, ಕೇಳಿ," ಎಂದರು ಡಾಕ್ಟರಬಾಯಿ. ಆತ್ಯಾಳಿಗೆ ಮರಾಠಿ ನೀರು ಕುಡಿದಷ್ಟು ಸಲೀಸು, ಆದರೆ ಕಿವಿ ಮಂದ. ಮಾಸ್ಕಿನ ಹಿಂದಿನ ಮಾತು ಅವಳಿಗೆ ತಲುಪುವುದಿಲ್ಲ. ಅವಳು ಕೇಳುವುದು ತುಟಿ ನೋಡಿ, ಇಲ್ಲವೇ ಕಿವಿಯ ಹತ್ತಿರ ಕಿರುಚಿದರೆ.

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಗಡಿಯ ಕನ್ನಡಿಗರಾದ ನಮಗೆ ಒಂದು ಹಳೆಯ ಅಭ್ಯಾಸ. ಮರಾಠಿಯವರ ಎದುರು ಮನೆಯ ಗುಟ್ಟು ಮಾತಾಡಬೇಕೆಂದರೆ ಕನ್ನಡಕ್ಕೆ ಹೊರಳುತ್ತೇವೆ. ಬಾಗಿಲು ಹಾಕಿಕೊಂಡಷ್ಟೇ ನಿಶ್ಚಿಂತೆ. ನಾನು ಬಗ್ಗಿ, ಆತ್ಯಾಳ ಕಿವಿಗೆ ಬಾಯಿಟ್ಟು, ಆ ಗುಟ್ಟನ್ನು ಇಡೀ ದವಾಖಾನೆ ನಡುಗುವಂತೆ ಕಿರುಚಿದೆ.

"ಆತ್ಯಾ! ಭಾಳ ನೋವ ಐತಿ ಅನ್ರಿ!"

"ಏನಂದಿ?"

"ನೋವ ಐತಿ ಅಂತ ಹೇಳ್ರಿ! ಇಲ್ಲಂದ್ರ ಆಕಿ ಕೀಳೂದಿಲ್ಲ!"

"ನನಗ ಎಲ್ಲೈತ್ಯೋ ನೋವು?"

ನಾನು ಡಾಕ್ಟರಬಾಯಿಯ ಕಡೆ ತಿರುಗಿ, ಮರಾಠಿಯಲ್ಲಿ, ಗಂಭೀರವಾಗಿ ಹೇಳಿದೆ: "ಎಲ್ಲಿ ಎಂದು ಹೇಳಲಾಗದಷ್ಟು ನೋವಂತೆ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಆತ್ಯಾಳ ಬಾಯಿಯೊಳಗೆ ಸಣ್ಣ ಕನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಬೆರಳಿನಿಂದ ಏನನ್ನೋ ಸವರಿದರು. ನಂತರ ಮಾಸ್ಕನ್ನು ಗದ್ದಕ್ಕಿಳಿಸಿ, ಆತ್ಯಾಳ ಮುಖದ ಎದುರು ಬಗ್ಗಿ, ಒಂದೊಂದೇ ಶಬ್ದ ಹೆಕ್ಕಿ ಇಡುತ್ತ ಕೇಳಿದರು, ಕನ್ನಡದಲ್ಲಿ:

"ಆಜಿ, ಇಲ್ಲಿ, ದಿನಾ ಯಾರ ಒತ್ತತಾರ?"

ನನ್ನ ಕಿವಿಗಳು ಬಿಸಿಯಾದವು. ಮಿರಜದ ದವಾಖಾನೆಗಳಲ್ಲಿ ಅರ್ಧ ಮಂದಿ ಗಡಿಯಾಚೆಯ ಬಸ್ಸು ಇಳಿದು ಬಂದವರು ಎಂಬುದು ಐವತ್ತೆರಡು ವರ್ಷ ಇಲ್ಲೇ ಬದುಕಿದವನಿಗೆ ಗೊತ್ತಿರಬೇಕಿತ್ತು.

"ನಂದೂ ಆಜಿ ಅಥಣಿಯಾಕಿ," ಎಂದರು ಅವರು, ನನ್ನ ಕಡೆ ನೋಡದೆ. "ಮಾತಾಡಾಕ ಸ್ವಲ್ಪ ಬರತೈತಿ. ತಿಳೀತೈತಿ ಎಲ್ಲಾ."

ಆತ್ಯಾ ಅವರ ತುಟಿಗಳನ್ನೇ ನೋಡುತ್ತಿದ್ದಳು. ಸೆರಗನ್ನು ಬಾಯಿಂದ ತಾನೇ ಸರಿಸಿದಳು.

"ನಾನ ಒತ್ತತೀನವ್ವಾ," ಎಂದಳು.

"ಯಾಕ?"

"ಏಳಬ್ಯಾಡ ಅಂತ. ಒಳಗ ಹೋಗ ಅಂತ." ತನ್ನ ಹೆಬ್ಬೆರಳನ್ನು ಎತ್ತಿ ತೋರಿಸಿದಳು. ಅದರ ತುದಿ ಮಿಶ್ರಿಯಿಂದ ಕಪ್ಪಾಗಿ, ನಡುವೆ ಒಂದು ಕುಳಿ ಬಿದ್ದಿತ್ತು. "ಮೊದಲನೇದ ಎದ್ದಾಗ ನನಗ ತಿಳೀಲಿಲ್ಲ, ತಮ್ಮ ಹ್ವಾದ. ಎರಡನೇದಕ್ಕ ಒತ್ತಾಕ ಚಾಲೂ ಮಾಡೂದ್ರಾಗ ತಡಾ ಆಗಿತ್ತು, ಮಾದೇವ ಹ್ವಾದ. ಇದನ್ನ ಮೊದಲ ಹಿಡದೇನಿ. ನಾಕ ವರ್ಸ ಆತು, ದಿನಾ ಮುಂಜಾನಿ ಒತ್ತತೀನಿ. ಆದರೂ ಕೇಳವಲ್ದು." ನನ್ನ ಕಡೆ ತಲೆ ತಿರುಗಿಸಿದಳು. "ಕಿತ್ತಬಿಡು ತಾಯಿ. ನನಗ ಏನಾದರೂ ಆಗಲಿ. ಇವ ಇನ್ನ ಸಣ್ಣಾಂವ ಅದಾನ."

ಸಣ್ಣವನು ಗೋಡೆಗೆ ಆತುಕೊಂಡು ನಿಂತಿದ್ದ.

ಡಾಕ್ಟರಬಾಯಿ ಕೈಗವಸು ತೆಗೆದರು. ನನಗೆ ಮರಾಠಿಯಲ್ಲಿ, ತೀರ ಮೆಲ್ಲಗೆ ಹೇಳಿದರು. ಆ ಜಾಗದ ವಸಡು ಹಿಮ್ಮಡಿಯ ಚರ್ಮದಂತೆ ಗಟ್ಟಿಯಾಗಿದೆ. ಹಲ್ಲು ಆರೋಗ್ಯವಾಗಿದೆ. ಆದರೆ ಬೇರು ಆಳ, ಸುತ್ತಲಿನ ಎಲುಬು ಹಪ್ಪಳದಷ್ಟು ತೆಳು. ಕಿತ್ತರೆ ದವಡೆ ಮುರಿಯಬಹುದು. ಹೃದಯಕ್ಕೆಂದು ಆಜಿ ತೆಗೆದುಕೊಳ್ಳುವ ಗುಳಿಗೆಯಿಂದ ರಕ್ತ ನಿಲ್ಲದೆ ಹೋಗಬಹುದು. ಈ ವಯಸ್ಸಿನಲ್ಲಿ ಬಾಯಿ ಕೆಟ್ಟು ಊಟ ಬಿಟ್ಟರೆ ಹೆಚ್ಚು ದಿನ ಇಲ್ಲ. ಅಗಿಯಲು ಬಂದರೆ ತಿನ್ನುತ್ತಾರೆ, ತಿಂದರೆ ಇರುತ್ತಾರೆ, ಅಷ್ಟೇ. "ಆದರೂ ಬೇಕೇಬೇಕು ಅನ್ನುವುದಾದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುತ್ತೇನೆ. ನೀವು ಸಹಿ ಮಾಡಬೇಕಾಗುತ್ತದೆ."

ಪೆನ್ನು ಮೇಜಿನ ಮೇಲಿತ್ತು. ತಕ್ಷಣ ಬೇಡ ಎಂದೆ ಎಂದು ಬರೆಯಬೇಕೆನ್ನುವ ಆಸೆ ನನಗೆ ಬಹಳವಿದೆ. ಆದರೆ ತಕ್ಷಣ ಹೇಳಲಿಲ್ಲ. ಪರದೆಯ ಮೇಲೆ ಆ ಮುಖವಿಲ್ಲದ ನಗು ಹಾಗೇ ಇತ್ತು. ನಾಲಗೆ ಎದ್ದಿತು, ಸಾಲಿನ ಒಂದು ತುದಿಯಿಂದ ಹೊರಟು, ಸಡಿಲವಾದ ಹಲ್ಲಿನ ಬಳಿ ನಿಂತು, ಇನ್ನೊಂದು ತುದಿ ಮುಟ್ಟಿ ಬಂತು. ಅಷ್ಟು ಹೊತ್ತು ತೆಗೆದುಕೊಂಡೆ. ಅಷ್ಟು ಹೊತ್ತಿನಲ್ಲಿ ನಾನು ಯಾವ ಮನುಷ್ಯನಾಗಿದ್ದೆ ಎಂಬುದನ್ನು ಕುರ್ಚಿಯಲ್ಲಿ ಮಲಗಿದ್ದವಳು ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಹಿ ಮಾಡಪಾ ಎನ್ನುವ ಒತ್ತಾಯವಿತ್ತು.

"ಬ್ಯಾಡ್ರಿ," ಎಂದೆ, ಕನ್ನಡದಲ್ಲೇ. "ಇರಲಿ ಅದು."

"ಹಂಗಾರ ಇನ್ನ ಒತ್ತೂದಿಲ್ಲ ಆಜಿ, ತಿಳೀತಲ್ಲ? ಆರ ತಿಂಗಳಿಗಿ ಒಮ್ಮೆ ನನಗ ತೋರಸಾಕ ಬರಬೇಕ," ಎಂದರು ಡಾಕ್ಟರಬಾಯಿ.

"ಆರ ತಿಂಗಳಾ? ಅಲ್ಲೀತನಕ ನಾ ಇರತೀನೇನು?"

"ನೀವ ಇರತೀರಿ. ಇವರದ ನೋಡೂಣು," ಎಂದು ನನ್ನ ಕಡೆ ಬೆರಳು ಮಾಡಿ, "ಕುಂದ್ರಿ," ಎಂದರು.

ನನ್ನ ಬಾಯಿ ನೋಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಸಣ್ಣ ಕೊಕ್ಕೆಯಿಂದ ವಸಡಿನ ಅಂಚು ಮುಟ್ಟಿದರು, ಮುಟ್ಟಿದಲ್ಲೆಲ್ಲ ರಕ್ತ. ಒಂದಲ್ಲ, ಐದು ಹಲ್ಲು ಸಡಿಲು. ವಸಡು ಹೀಗಾಗುವುದು ಸಕ್ಕರೆ ಕಾಯಿಲೆಯ ಗುರುತಿರಬಹುದು ಎಂದು ಹೇಳಿ, ಎಷ್ಟು ವರ್ಷದಿಂದ ಹೀಗಿದೆ, ಮನೆಯಲ್ಲಿ ಯಾರಿಗೆ ಹೀಗಿತ್ತು ಎಂದು ಕೇಳಿದರು. ಅಪ್ಪನ ಹಲ್ಲುಗಳು ಐವತ್ತಕ್ಕೇ ಒಂದೊಂದಾಗಿ ಉದುರಿದ್ದವು. ಅಣ್ಣನ ದಿಂಬಿನ ಚೀಲದ ಮೇಲೆ ಬೆಳಿಗ್ಗೆ ಕಂದು ಕಲೆ ಇರುತ್ತಿತ್ತು. ಅತ್ತಿಗೆ ಅದನ್ನು ನೆನೆಸಿಟ್ಟು ತೊಳೆಯುತ್ತಿದ್ದಳು. ಇಬ್ಬರಿಗೂ ಸಕ್ಕರೆ ಕಾಯಿಲೆ ಇತ್ತೆಂದು ಗೊತ್ತಾದದ್ದು ಆಸ್ಪತ್ರೆಯ ಕೊನೆಯ ಕಾಗದದಲ್ಲಿ. ಇಡೀ ಮನೆ ಹನ್ನೊಂದು ವರ್ಷ ಒಬ್ಬಳು ಮುದುಕಿಯ ಬಾಯಿಯನ್ನು ಕಳ್ಳಗಣ್ಣಿಂದ ಕಾಯುತ್ತಿತ್ತು. ಅವಳ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ ಇನ್ನೆರಡು ಬಾಯಿಗಳೊಳಗೆ ಯಾರೂ ಇಣುಕಿರಲಿಲ್ಲ.

ರಕ್ತ ತಪಾಸಣೆ ಮಾಡಿಸಲು ಹೇಳಿದರು. ಮಾಡಿಸಿದೆ. ನನಗೂ ಇತ್ತು, ಧಾರಾಳವಾಗಿತ್ತು. ಈಗ ಗುಳಿಗೆ ನುಂಗುತ್ತೇನೆ, ಸಂಜೆ ವಿಶ್ರಾಮಬಾಗದವರೆಗೆ ನಡೆಯುತ್ತೇನೆ, ವಸಡು ಸ್ವಚ್ಛ ಮಾಡಿಸಿಕೊಳ್ಳಲು ಮಿರಜಕ್ಕೆ ಹೋಗುತ್ತೇನೆ. ಆರು ತಿಂಗಳ ತಪಾಸಣೆಗೆ ಆತ್ಯಾಳೂ ನಾನೂ ಒಟ್ಟಿಗೇ ಹೋಗಿ ಬಂದೆವು. ಆ ಹಲ್ಲು ನನ್ನನ್ನು ಕರೆದೊಯ್ಯಲು ಎದ್ದಿತ್ತೋ, ಎಬ್ಬಿಸಲು ಎದ್ದಿತ್ತೋ ಎಂದು ಸುನಂದಾಳನ್ನು ಕೇಳಿದೆ. "ನೀವ ಆ ಹಲ್ಲನ್ನ ಕೇಳ್ರಿ," ಎಂದಳು. ಹಾಸ್ಯವೋ ಅಲ್ಲವೋ ತಿಳಿಯಲಿಲ್ಲ. ಶಾರದಾ ಕಾಕು ಫೋನಿನಲ್ಲಿ, "ನಾಲ್ಕನೇದ ಇನ್ನ ಎದ್ದಿಲ್ಲಲ್ಲ?" ಎಂದಷ್ಟೇ ವಿಚಾರಿಸುತ್ತಾಳೆ.

ಮೂರನೆಯದು ಈಗ ಪೂರ್ತಿ ಬಂದಿದೆ. ಮೇಲಿನ ಎಡಗಡೆಯದಕ್ಕೆ ಸರಿಯಾಗಿ ಜೋಡಿ. ಆತ್ಯಾ ಒತ್ತುವುದನ್ನು ಬಿಟ್ಟಿದ್ದಾಳೆ. ಡಾಕ್ಟರಿಗೆ ಕೊಟ್ಟ ಮಾತು. ಆದರೆ ಬೆಳಗಿನ ಆ ಒಂದು ಗಂಟೆ ಅವಳ ಕೈಯಲ್ಲಿ ಖಾಲಿ ಉಳಿಯಿತಲ್ಲ, ಅದನ್ನು ಬೇರೆ ಕೆಲಸಕ್ಕೆ ಹಚ್ಚಿದ್ದಾಳೆ. ಬೆಳಕು ಹರಿಯುವ ಹೊತ್ತಿಗೆ ಕೋಲೂರಿಕೊಂಡು ನಮ್ಮ ಕೋಣೆಗೆ ಬರುತ್ತಾಳೆ, ನನ್ನ ತಲೆದಿಂಬಿನ ಪಕ್ಕ ಕುರ್ಚಿ ಎಳೆದುಕೊಂಡು ಕೂಡುತ್ತಾಳೆ. ಎಷ್ಟೋ ಸಲ ಮೂಗಿನ ಕೆಳಗೆ ಏನೋ ತಣ್ಣಗಾದಂತಾಗಿ ಕಣ್ಣು ಬಿಟ್ಟರೆ ಉಸಿರು ನೋಡುತ್ತಿರುವ ಅವಳ ಬೆರಳು, ಅದರ ಹಿಂದೆ ಅವಳ ಮುಖ, ಅದರ ನಡುವೆ ಬೆಳ್ಳಗೆ ಮೂರು.

"ಎಚ್ಚರಾತೇನಪಾ?"

"ಆತ್ರಿ, ಆತ್ಯಾ."

"ಹಂಗಾರ ಇವತ್ತಿನದ ಆತು," ಎಂದು ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಸುನಂದಾ ನಿನ್ನೆಯ ಜೋಳದ ರೊಟ್ಟಿಯ ಚೂರು ಕೊಟ್ಟಿರುತ್ತಾಳೆ, ನೆನೆಸದೆ. ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ. ನಾನು ಹೊದಿಕೆಯೊಳಗೆ ಅಲುಗಾಡದೆ ಮಲಗಿ ಕಾಯುತ್ತೇನೆ. ಆಮೇಲೆ ಮೇಲಿನದು ಕೆಳಗಿನದಕ್ಕೆ ತಾಗುವ ಸದ್ದು: ಟಕ್. ಮತ್ತೆ, ಟಕ್. ಆಗ ಏಳುತ್ತೇನೆ.